ಉಪ್ಪನ ತೂಕಕ್ಕೆ ಸರಿಯಾದ ಸ್ಪ್ರಿಂಗ್

ಮನೆಯಲ್ಲಿ ಆರ್‌ಎಕ್ಸ್ 100 ಇರುವವರಿಗೆ ಈ ಅನುಭವ ಉಂಟು. ಎರಡು ತಿಂಗಳಿಗೊಮ್ಮೆಯಾದರೂ ಯಾರಾದರೊಬ್ಬರು ಅಂಗಳಕ್ಕೆ ಬಂದು "ಕೊಡ್ತೀರಾ?" ಅಂತ ಕೇಳುತ್ತಾರೆ. ಎಸ್ಕಾರ್ಟ್ಸ್ ಕಂಪೆನಿ ಜಪಾನಿನ ಯಮಹಾದ ಜೊತೆ ಸೇರಿ 1985ರಲ್ಲಿ ಹೊರತಂದ ಬೈಕ್ ಇದು. 1996ಕ್ಕೆ ತಯಾರಿ ನಿಂತಿತು. 98 ಸಿಸಿ, ಟೂ ಸ್ಟ್ರೋಕ್, 11 ಎಚ್‌ಪಿ, ತೂಕ ನೂರು ಕಿಲೋದ ಆಸುಪಾಸು. ಇದರ ಇಂಜಿನ್ ಬಗ್ಗೆ, ಸೈಲೆನ್ಸರಿನ ಶಬ್ದದ ಬಗ್ಗೆ ಗಂಟೆಗಟ್ಟಲೆ ಮಾತಾಡುವವರು ಎಲ್ಲಾ ಊರಿನಲ್ಲೂ ಸಿಗುತ್ತಾರೆ. ನಾನು ಇವತ್ತು ಬರೆಯುವುದು ಅಷ್ಟಾಗಿ ಯಾರೂ ಮಾತಾಡದ ಭಾಗದ ಬಗ್ಗೆ: ಫೋರ್ಕ್, ಶಾಕ್, ಬುಶ್, ಬೇರಿಂಗ್, ಟಯರ್. ರಸ್ತೆಗೂ ಸವಾರನ ಬೆನ್ನಿಗೂ ನಡುವೆ ಇರುವ ಸಾಮಾನು ಇಷ್ಟೇ.

ನಮ್ಮದು ಉಪ್ಪಳದ ಕೈಕಂಬದಿಂದ ಬಾಯಾರು ಕಡೆಗೆ ಹೋಗುವ ರಸ್ತೆ ಬದಿಯಲ್ಲಿ ಒಂದು ಜಿನಸಿನ ಅಂಗಡಿ. ಉಪ್ಪ ಈ ಬೈಕನ್ನು 1993ರಲ್ಲಿ ಹೊಸತೇ ತೆಗೆದುಕೊಂಡದ್ದು. ಕೆಎಲ್ 14ರ ಕಪ್ಪು ನಂಬರ್ ಪ್ಲೇಟಿನ ಕಾಲದ ಗಾಡಿ. ಆಗ ನಮ್ಮ ಕಡೆಯ ಒಳರಸ್ತೆಗಳಿಗೆ ಆಟೋ ಬರುತ್ತಿರಲಿಲ್ಲ. ಕಂಗಿನ ತೋಟದ ನಡುವಿನ ಮನೆಗಳಿಗೆ ಕುಚ್ಚಲಕ್ಕಿ ಗೋಣಿ, ದನದ ಹಿಂಡಿ, ಮದುವೆಗೆ ಸಕ್ಕರೆ, ಎಲ್ಲವೂ ಈ ಬೈಕಿನ ಹಿಂದಿನ ಸೀಟಿನಲ್ಲೇ ಹೋಗುತ್ತಿತ್ತು. ಗಿರಾಕಿಗಳು ತುಳು ಮಾತಾಡುವವರು, ಬ್ಯಾರಿಗಳು, ಹವ್ಯಕರು, ಮಲಯಾಳ ಮಾತಾಡುವವರು. ಉಪ್ಪ ಎಲ್ಲರ ಜೊತೆ ಅವರವರ ಭಾಷೆಯಲ್ಲೇ ಮಾತಾಡಿ, ಸಾಲದ ಪುಸ್ತಕ ಮಾತ್ರ ಕನ್ನಡದಲ್ಲಿ ಬರೆಯುತ್ತಿದ್ದರು. ಅವರು ಕಲಿತದ್ದು ಕನ್ನಡ ಶಾಲೆಯಲ್ಲಿ. ಯಾರ ಮನೆಗೆ ಯಾವಾಗ ಎಷ್ಟು ಅಕ್ಕಿ ಹೋಯಿತು ಅಂತ ಆ ಹಳೇ ಪುಸ್ತಕಗಳಲ್ಲಿ ಇವತ್ತಿಗೂ ಉಂಟು. ಅದರ ವಿಷಯ ಮುಂದೆ ಬರುತ್ತದೆ.

ನಾನು ಮಂಗಳೂರಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ, ಕೆಲವು ವರ್ಷ ಗಲ್ಫಿನಲ್ಲಿ ಕಂಪ್ರೆಸರ್, ಪಂಪ್ ರಿಪೇರಿ ಕೆಲಸದಲ್ಲಿದ್ದವನು. ಕೊರೋನಾ ವರ್ಷ ಊರಿಗೆ ಬಂದವನು ತಿರುಗಿ ಹೋಗಲಿಲ್ಲ. ಈಗ ಅಂಗಡಿಯಲ್ಲೇ ಇದ್ದೇನೆ.

2023ರಲ್ಲಿ ಎರಡು ವಿಷಯ ಒಟ್ಟಿಗೆ ಬಂತು. ಒಂದು, ಬೈಕಿನ ಆರ್‌ಸಿ ನವೀಕರಣ. ಹೊಸ ಗಾಡಿಗೆ ಮೊದಲ 15 ವರ್ಷ, ಆಮೇಲೆ ಪ್ರತಿ 5 ವರ್ಷಕ್ಕೊಮ್ಮೆ ಗಾಡಿ ತೋರಿಸಿ ನವೀಕರಿಸಬೇಕು. 2008, 2013, 2018 ಮುಗಿದು ಇದು ನಾಲ್ಕನೇ ಸಲ. ಎರಡನೆಯದು ಉಪ್ಪನ ಬೆನ್ನು. ಅವರಿಗೆ ಆಗ 68 ವರ್ಷ. ಸಕ್ಕರೆ ಕಾಯಿಲೆ ಬಂದ ಮೇಲೆ 78 ಕಿಲೋ ಇದ್ದವರು 57ಕ್ಕೆ ಇಳಿದಿದ್ದರು. ಸೊಂಟದ ಹತ್ತಿರ ಡಿಸ್ಕ್ ಸವೆದಿದೆ, ಕುಲುಕಾಟ ಆಗಬಾರದು ಅಂತ ಡಾಕ್ಟರು ಹೇಳಿದರು. ಬೈಕಿನ ಹೆಸರು ತೆಗೆದು ಅವರೇನೂ ಹೇಳಲಿಲ್ಲ. ಆದರೆ ಉಮ್ಮನಿಗೆ ಅಷ್ಟು ಸಾಕಾಯಿತು.

"ಕೇಳುವವರು ಇಷ್ಟು ಜನ ಇದ್ದಾರೆ, ಕೊಟ್ಟುಬಿಡಲಿ. ನಿನ್ನ ಉಪ್ಪನಿಗೆ ನೀನೇ ಹೇಳು" ಅಂತ ಉಮ್ಮ ನನಗೆ ಹೇಳಿದರು. ಉಪ್ಪ ಪಕ್ಕದ ಕೋಣೆಯಲ್ಲಿ ಪೇಪರ್ ಓದುತ್ತಾ ಇದ್ದರು. ಕೇಳಿಸಿರಬೇಕು. ಏನೂ ಹೇಳಲಿಲ್ಲ.

ಅದು ಬರೀ ಬೈಕಿನ ಪ್ರಶ್ನೆ ಆಗಿರಲಿಲ್ಲ. ಉಪ್ಪ ಬೆಳಿಗ್ಗೆ ಸುಬಹಿ ನಮಾಜಿಗೆ ಮಸೀದಿಗೆ ಹೋಗಿ, ಅಲ್ಲಿಂದ ನೇರ ಅಂಗಡಿಗೆ ಹೋಗಿ ಬಾಗಿಲು ತೆಗೆಯುವವರು. ಮನೆಯಿಂದ ಅಂಗಡಿಗೆ ಮೂರು ಕಿಲೋಮೀಟರ್. ಆ ಹೊತ್ತಿಗೆ ಬಸ್ಸಿಲ್ಲ, ಆಟೋ ಇಲ್ಲ. ಬೈಕ್ ಹೋದರೆ ಅವರು ಎಲ್ಲಿಗೆ ಹೋಗಬೇಕಾದರೂ ನನ್ನ ಮುಖ ನೋಡಬೇಕು. ಮೂವತ್ತು ವರ್ಷ ಊರಿಗೆಲ್ಲ ಅಕ್ಕಿ ಮುಟ್ಟಿಸಿದವರು ಮಗ ಏಳುವುದನ್ನು ಕಾಯುತ್ತಾ ಚಾವಡಿಯಲ್ಲಿ ಕೂರಬೇಕು. ನಾನು ಉಮ್ಮನ ಹತ್ತಿರ ಎರಡು ವಾರ ಸಮಯ ಕೇಳಿದೆ. "ಒಮ್ಮೆ ಪೂರ್ತಿ ಬಿಚ್ಚಿ ನೋಡ್ತೇನೆ. ಉಪ್ಪನಿಗೆ ಇದರಲ್ಲಿ ಕೂರಲಿಕ್ಕೆ ಆಗುವುದಿಲ್ಲ ಅಂತ ಆದರೆ ನಾನೇ ಮಾರ್ತೇನೆ" ಅಂದೆ.

ಈ ಸುದ್ದಿ ಮೊದಲು ಮುಟ್ಟಿದ್ದು ಅಕ್ಕನ ಮಗನಿಗೆ. ಅವನಿಗೆ ಇಪ್ಪತ್ತು ವರ್ಷ. "ಮಾಮ, ಹಿಂದೆ ಮೋನೋಶಾಕ್ ಹಾಕುವ, ಮುಂದೆ ದೊಡ್ಡ ಬೈಕಿನ ಫೋರ್ಕ್, ಡಿಸ್ಕ್, ದಪ್ಪ ಟಯರ್. ಹೊಸ ಗಾಡಿಯ ಹಾಗೆ ಆಗ್ತದೆ" ಅಂದ. ಫೋನಿನಲ್ಲಿ ನಾಲ್ಕೈದು ವಿಡಿಯೋ ತೋರಿಸಿದ. ನೋಡಲಿಕ್ಕೆ ಚೆಂದವೇ ಇತ್ತು.

ಆದರೆ ಈ ಬೈಕಿನ ಫ್ರೇಮ್ ಮಾಡಿದ್ದು ಎರಡು ಶಾಕಿಗೆ. ರಸ್ತೆಯ ಪೆಟ್ಟು ಹಿಂದಿನ ಚಕ್ರದಿಂದ ಸ್ವಿಂಗ್ ಆರ್ಮಿನ ತುದಿಗೆ, ಅಲ್ಲಿಂದ ಎರಡು ಶಾಕಿನ ಮೂಲಕ ಸೀಟಿನ ಕೆಳಗಿನ ಕೊಳವೆಗೆ ಹೋಗುತ್ತದೆ. ಆ ಜಾಗಕ್ಕೆ ಮಾತ್ರ ಕಂಪೆನಿ ಬಲ ಕೊಟ್ಟಿರುತ್ತದೆ. ಮೋನೋಶಾಕ್ ಹಾಕಿದರೆ ಆ ಪೂರ್ತಿ ಭಾರ ಫ್ರೇಮಿನ ನಡುವಿನ ಒಂದು ಬಿಂದುವಿಗೆ ಬೀಳುತ್ತದೆ. ಅಲ್ಲಿ ಪಟ್ಟಿ ಇಟ್ಟು ವೆಲ್ಡ್ ಹೊಡೆದರೆ ವೆಲ್ಡಿನ ಪಕ್ಕದಲ್ಲೇ ಕೊಳವೆ ಬಿರುಕು ಬಿಡುವ ಅಪಾಯ ಉಂಟು. ಸಪುರ ರಿಮ್ಮಿಗೆ ದಪ್ಪ ಟಯರ್ ಹಾಕಿದರೆ ಅದರ ಮೈ ಒತ್ತಿ ಆಕಾರ ಕೆಡುತ್ತದೆ. ಹಗುರ ಬೈಕ್ ತಿರುವಿನಲ್ಲಿ ಮಲಗಲಿಕ್ಕೆ ಹಿಂದೇಟು ಹಾಕುತ್ತದೆ. ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪೆನಿ ಮೂಲದಲ್ಲಿ ಹೇಳಿದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಿಸುವ ಹಾಗಿಲ್ಲ. ನವೀಕರಣಕ್ಕೆ ಗಾಡಿ ತೋರಿಸಬೇಕಾದ ವರ್ಷದಲ್ಲಿ ಅಂಥ ಕೆಲಸ ಯಾರು ಮಾಡ್ತಾರೆ? ಅಳಿಯನಿಗೆ ಇದೆಲ್ಲ ಹೇಳಿ, "ನೀನು ಸ್ಪಾನರ್ ಹಿಡಿ, ನಾವು ಇದನ್ನು 1993ಕ್ಕೆ ತೆಗೆದುಕೊಂಡು ಹೋಗುವ" ಅಂದೆ.

ಹಳೇ ಬೈಕಿನ ಓಟ ಸರಿ ಮಾಡುವಾಗ ಒಂದು ಕ್ರಮ ಉಂಟು. ಮೊದಲು ಟಯರ್, ಆಮೇಲೆ ಬೇರಿಂಗ್ ಮತ್ತು ಬುಶ್, ಆಮೇಲೆ ಚಕ್ರದ ನೇರ, ಕೊನೆಗೆ ಸ್ಪ್ರಿಂಗ್ ಮತ್ತು ಆಯಿಲ್. ಬೇರಿಂಗಿನಲ್ಲಿ ಪ್ಲೇ ಇದ್ದರೆ ಸ್ಪ್ರಿಂಗ್ ಒಳ್ಳೆಯದೋ ಕೆಟ್ಟದೋ ಅಂತ ಗೊತ್ತಾಗುವುದೇ ಇಲ್ಲ. ತುಂಬಾ ಜನ ಮೊದಲೇ ಹೊಸ ಶಾಕ್ ತಂದು ಹಾಕಿ, ಆಮೇಲೂ ಬೈಕ್ ಅಲುಗಾಡುತ್ತದೆ ಅಂತ ಬೇಸರ ಮಾಡಿಕೊಳ್ಳುವುದು ಇದರಿಂದಲೇ.

ಟಯರಿನ ಬದಿಯಲ್ಲಿ ನಾಲ್ಕು ಅಂಕಿಯ ಒಂದು ಸಂಖ್ಯೆ ಇರುತ್ತದೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ನಮ್ಮದರಲ್ಲಿ 2312 ಅಂತ ಇತ್ತು, ಅಂದರೆ 2012ರ 23ನೇ ವಾರದ ಟಯರ್. ಗುಂಡಿ ಇನ್ನೂ ಸವೆದಿರಲಿಲ್ಲ, ಉಪ್ಪ ಓಡಿಸುವುದೇ ಕಡಿಮೆ. ಆದರೆ ರಬ್ಬರ್ ಒಣಗಿ ಉಗುರಿಗೆ ತಾಗದಷ್ಟು ಗಟ್ಟಿಯಾಗಿತ್ತು, ಬದಿಯಲ್ಲಿ ಕೂದಲೆಳೆಯ ಬಿರುಕು. ಮಳೆಗಾಲದಲ್ಲಿ ಮುರಕಲ್ಲಿನ ಕೆಂಪು ನೀರು ಹರಿಯುವ ರಸ್ತೆಗೆ ಇಂಥ ಟಯರ್ ಹಿಡಿತ ಕೊಡುವುದಿಲ್ಲ. ಮುಂದೆ 2.50-18, ಹಿಂದೆ 2.75-18, ಕಂಪೆನಿಯ ಅಳತೆಯದ್ದೇ ಹೊಸತು ಹಾಕಿದೆವು. ಇನ್ನೊಂದು ಮಾತು: ಬೈಕಿನ ಮೊದಲ ಸ್ಪ್ರಿಂಗ್ ಟಯರಿನೊಳಗಿನ ಗಾಳಿ. ಪಂಪಿನವರು ಎಲ್ಲಾ ಬೈಕಿಗೂ ಒಂದೇ ಅಳತೆಯಲ್ಲಿ ಕಲ್ಲಿನ ಹಾಗೆ ತುಂಬಿಸಿ ಕಳಿಸುತ್ತಾರೆ. ಮ್ಯಾನುವಲ್ ನೋಡಿ, ಟಯರ್ ತಣ್ಣಗಿರುವಾಗ, ನಿಮ್ಮದೇ ಗೇಜಿನಿಂದ ನೋಡಿಕೊಳ್ಳಿ. ಬೇರೆ ಏನೂ ಮಾಡದೆ ಇದೊಂದನ್ನೇ ಮಾಡಿದರೂ ಬೆನ್ನಿಗೆ ವ್ಯತ್ಯಾಸ ಗೊತ್ತಾಗುತ್ತದೆ.

ಆಮೇಲೆ ಹ್ಯಾಂಡಲಿನ ಕೋನ್ ಸೆಟ್. ಬೈಕನ್ನು ಸೆಂಟರ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಮುಂದಿನ ಚಕ್ರ ನೆಲ ಬಿಡುವ ಹಾಗೆ ಇಂಜಿನ್ ಕೆಳಗೆ ಮರದ ತುಂಡು ಇಟ್ಟು, ಫೋರ್ಕಿನ ಕೆಳತುದಿ ಹಿಡಿದು ಹಿಂದೆ ಮುಂದೆ ಎಳೆದು ನೋಡಬೇಕು. ಟಕ್ ಟಕ್ ಅಂದರೆ ಪ್ಲೇ ಉಂಟು. ಹ್ಯಾಂಡಲನ್ನು ಬೆರಳಲ್ಲಿ ಮೆಲ್ಲ ತಿರುಗಿಸಿದಾಗ ನೇರದ ಜಾಗದಲ್ಲಿ ಗುಂಡಿಗೆ ಬಿದ್ದ ಹಾಗೆ ನಿಂತರೆ, ಒಳಗಿನ ಬಾಲುಗಳು ಕಪ್ಪಿನಲ್ಲಿ ಹಳ್ಳ ಮಾಡಿವೆ ಅಂತ ಅರ್ಥ. ನಮ್ಮದರಲ್ಲಿ ಎರಡೂ ಇತ್ತು. ಹಾಗಿದ್ದಾಗ ಬೈಕ್ ನೇರ ಹೋಗಲು ತಾನೇ ಮಾಡುವ ಸಣ್ಣ ಸಣ್ಣ ತಿದ್ದುಪಡಿ ನಡೆಯುವುದಿಲ್ಲ. ಸವಾರ ತನಗೆ ಗೊತ್ತಿಲ್ಲದೆ ಭುಜದಿಂದ, ಸೊಂಟದಿಂದ ಅದನ್ನು ಹಿಡಿದುಕೊಂಡೇ ಹೋಗುತ್ತಾನೆ. ಉಪ್ಪನಿಗೆ ಭುಜವೂ ನೋಯುತ್ತಿದ್ದುದಕ್ಕೆ ಇದೂ ಒಂದು ಕಾರಣ ಇರಬೇಕು. ಕಪ್, ಕೋನ್, ಬಾಲು ಎಲ್ಲ ಹೊಸತು ಹಾಕಿ ಗ್ರೀಸ್ ತುಂಬಿದೆವು. ಎಷ್ಟು ಬಿಗಿ ಮಾಡಬೇಕು? ಪ್ಲೇ ಪೂರ್ತಿ ಹೋಗಬೇಕು, ಆದರೆ ಬೆರಳಲ್ಲಿ ಸ್ವಲ್ಪ ನೂಕಿದರೆ ಹ್ಯಾಂಡಲ್ ತನ್ನ ಭಾರಕ್ಕೆ ತಾನೇ ಬದಿಗೆ ವಾಲಬೇಕು. ಅಷ್ಟೇ.

ಹಿಂದಿನ ಸ್ವಿಂಗ್ ಆರ್ಮಿನ ಬುಶ್ ನೋಡುವ ಕ್ರಮವೂ ಸುಲಭ. ಹಿಂದಿನ ಚಕ್ರವನ್ನು ಎರಡು ಕೈಯಲ್ಲಿ ಹಿಡಿದು ಬದಿಬದಿಗೆ ಅಲುಗಾಡಿಸಿ. ನಮ್ಮದು ಕಣ್ಣಿಗೆ ಕಾಣುವಷ್ಟು ಅಲುಗುತ್ತಿತ್ತು. ತಿರುವಿನಲ್ಲಿ ಬೈಕಿನ ಮುಂಭಾಗ ತಿರುಗಿದ ಮೇಲೆ ಹಿಂಭಾಗ ಒಂದು ಕ್ಷಣ ತಡವಾಗಿ ಬಂದ ಹಾಗೆ ಆಗುವುದು ಇದರಿಂದ. ಬಿಚ್ಚಿದಾಗ ಬುಶ್ ಮೊಟ್ಟೆಯ ಆಕಾರಕ್ಕೆ ಬಂದಿತ್ತು, ಬೋಲ್ಟಿನಲ್ಲಿ ಸವೆದ ಪಟ್ಟಿ ಇತ್ತು. ಬೋಲ್ಟ್ ಹೊಸತು ತಂದು, ಬುಶ್ಶನ್ನು ನಮ್ಮ ಮೆಕ್ಯಾನಿಕ್ ಅಣ್ಣನ ಪರಿಚಯದ ಲೇತಿನವರಲ್ಲಿ ಮಾಡಿಸಿದೆವು. ನಾನು ಮೈಕ್ರೋಮೀಟರ್ ಹಿಡಿದುಕೊಂಡು ಹೋಗಿದ್ದೆ. "ಇಂಜಿನಿಯರೇ, ಇದು ರಾಕೆಟ್ಟಾ?" ಅಂತ ಅಣ್ಣ ನಕ್ಕರು. ಮೂವತ್ತು ವರ್ಷದಿಂದ ಈ ಬೈಕ್ ನೋಡಿಕೊಂಡವರು ಅವರೇ. ಆದರೆ ಬುಶ್ ಕೈಯಿಂದ ಒತ್ತಿದಾಗ ಬಿಗಿಯಾಗಿ, ನಯವಾಗಿ ಜಾರಿ ಕೂತದ್ದನ್ನು ನೋಡಿ ಅವರಿಗೂ ಖುಷಿಯಾಯಿತು.

ಚಕ್ರದ ಕಡ್ಡಿಗಳನ್ನು ಸ್ಪಾನರಿನಿಂದ ಒಂದೊಂದಾಗಿ ತಟ್ಟಿದರೆ ಬಿಗಿ ಇರುವುದು ಟಿಣ್ ಅನ್ನುತ್ತದೆ, ಸಡಿಲ ಇರುವುದು ಮಂಕಾಗಿ ಶಬ್ದ ಕೊಡುತ್ತದೆ. ಏಳು ಕಡ್ಡಿ ಸಡಿಲ ಇತ್ತು. ರಿಮ್ಮಿನ ಬೆಂಡು 2 ಮಿ.ಮೀ. ಒಳಗೆ ಬರುವ ತನಕ ತೆಗೆಸಿದೆವು. ಎರಡೂ ಚಕ್ರ ಒಂದೇ ಗೆರೆಯಲ್ಲಿ ಇವೆಯೋ ಅಂತ ನೋಡಲು ಚೈನ್ ಹತ್ತಿರದ ಗುರುತುಗಳನ್ನು ನಂಬಬೇಡಿ. ಅಂಗಡಿಯಲ್ಲಿ ಪೊಟ್ಟಣ ಕಟ್ಟುವ ನೂಲು ಸಾಕು. ಹಿಂದಿನ ಟಯರಿಗೆ ಸುತ್ತಿ ಎರಡೂ ಬದಿಯಿಂದ ಮುಂದಕ್ಕೆ ನೇರ ಎಳೆದು ಹಿಡಿಯಬೇಕು. ಮುಂದಿನ ಟಯರ್ ಕಾಲು ಇಂಚು ಸಪುರ ಇರುವುದರಿಂದ ನೂಲು ಅದಕ್ಕೆ ತಾಗುವುದಿಲ್ಲ. ಎರಡೂ ಬದಿಯಲ್ಲಿ ಸುಮಾರು 3 ಮಿ.ಮೀ. ಸಮನಾದ ಸಂದು ಉಳಿಯಬೇಕು. ಒಂದು ಬದಿಯಲ್ಲಿ ಹೆಚ್ಚು, ಒಂದು ಬದಿಯಲ್ಲಿ ಕಡಿಮೆ ಅಂದರೆ ಹಿಂದಿನ ಚಕ್ರ ಓರೆ ಕೂತಿದೆ.

ಮುಂದಿನ ಫೋರ್ಕ್ ಬಿಚ್ಚಿದಾಗ ಬಂದ ಆಯಿಲ್ ಕಪ್ಪು ಚಹಾದ ಹಾಗಿತ್ತು, ಅದೂ ಒಂದು ಕಾಲಿನಲ್ಲಿ ಅರ್ಧ ಲೋಟ, ಇನ್ನೊಂದರಲ್ಲಿ ಬರೀ ತಳ. ಸಮುದ್ರದ ಗಾಳಿ ಬೀಸುವ ನಮ್ಮ ಕಡೆ ಫೋರ್ಕಿನ ಕೊಳವೆಗೆ ತುಕ್ಕು ಹಿಡಿದು ಸಣ್ಣ ಸಣ್ಣ ಚುಕ್ಕಿ ಬೀಳುತ್ತದೆ. ಆ ಚುಕ್ಕಿ ಪ್ರತಿ ಸಲ ಮೇಲೆ ಕೆಳಗೆ ಹೋಗುವಾಗ ಆಯಿಲ್ ಸೀಲನ್ನು ಕೆರೆಯುತ್ತದೆ. ಹಾಗಾಗಿ ಬರೀ ಸೀಲ್ ಬದಲಿಸಿದರೆ ಒಂದು ಮಳೆಗಾಲವೂ ಬರುವುದಿಲ್ಲ. ಮಂಗಳೂರಿನಿಂದ ಕೊಳವೆಯ ಜೋಡಿ ತಂದೆ. ನೇರ ಇದೆಯೋ ಅಂತ ನೋಡಲು ಅಂಗಡಿಯ ಕೌಂಟರಿನ ದಪ್ಪ ಗಾಜಿನ ಮೇಲೆ ಉರುಳಿಸಿದೆವು. ಹಿಂದೆ ಟ್ಯೂಬ್‌ಲೈಟ್ ಹಿಡಿದರೆ ಬಾಗಿದ ಕಡೆ ಬೆಳಕಿನ ಸಂದು ಕಾಣುತ್ತದೆ. ಎರಡೂ ನೇರ ಇದ್ದವು. ಹಳೇ ಸ್ಪ್ರಿಂಗುಗಳಲ್ಲಿ ಒಂದು ಇನ್ನೊಂದಕ್ಕಿಂತ 6 ಮಿ.ಮೀ. ಕುಗ್ಗಿತ್ತು, ಜೋಡಿಯಾಗಿಯೇ ಬದಲಿಸಿದೆವು. ಆಯಿಲ್ ಮ್ಯಾನುವಲ್ ಹೇಳಿದ ಗ್ರೇಡಿನದ್ದು, ಎರಡೂ ಕಾಲಿಗೆ ಒಂದೇ ಮಟ್ಟ, ಸ್ಕೇಲ್ ಇಳಿಸಿ ಅಳೆದು. ದಪ್ಪ ಆಯಿಲ್ ಹಾಕಿದರೆ ಬೈಕ್ ಕುಣಿಯುವುದು ಕಡಿಮೆಯಾಗುತ್ತದೆ ಅಂತ ಕೆಲವರು ಹೇಳುತ್ತಾರೆ, ಅದು ನಿಜವೇ. ಆದರೆ ಈ ಕಾಲದ ಫೋರ್ಕಿನಲ್ಲಿ ಆಯಿಲ್ ಹೋಗುವುದು ಸಣ್ಣ ತೂತುಗಳಿಂದ. ಹೊಂಡಕ್ಕೆ ಚಕ್ರ ದಡಕ್ಕನೆ ಮೇಲೆ ಬರುವಾಗ ದಪ್ಪ ಆಯಿಲ್ ಅಷ್ಟು ಬೇಗ ದಾಟುವುದಿಲ್ಲ. ಆ ಹೊತ್ತಿಗೆ ಫೋರ್ಕ್ ಕಬ್ಬಿಣದ ಸಲಾಕೆಯ ಹಾಗೆ ವರ್ತಿಸುತ್ತದೆ, ಪೆಟ್ಟು ಕೈಗೆ ಬರುತ್ತದೆ.

ಇಷ್ಟಾಗುವಾಗ ಹತ್ತು ದಿನ ಕಳೆದಿತ್ತು. ಕೊನೆಗೆ ಉಳಿದದ್ದು ಹಿಂದಿನ ಶಾಕ್. ಉಪ್ಪನ ಬೆನ್ನಿಗೆ ನೇರ ಸಂಬಂಧ ಇರುವುದು ಇದಕ್ಕೇ.

ಸ್ಪ್ರಿಂಗಿನ ಕೆಲಸ ಭಾರ ಹೊರುವುದು. ಅದರೊಳಗಿನ ಆಯಿಲಿನ ಕೆಲಸ ಸ್ಪ್ರಿಂಗ್ ಕುಣಿಯದ ಹಾಗೆ ಹಿಡಿಯುವುದು. ಸವಾರ ಕೂತಾಗ ಸ್ಪ್ರಿಂಗ್ ಸ್ವಲ್ಪ ಇಳಿಯಲೇಬೇಕು. ಆಗ ಹೊಂಡ ಬಂದಾಗ ಚಕ್ರ ಕೆಳಗೆ ಇಳಿಯಲಿಕ್ಕೂ, ಹಂಪ್ ಬಂದಾಗ ಮೇಲೆ ಬರಲಿಕ್ಕೂ ಜಾಗ ಇರುತ್ತದೆ. ಸಾಮಾನ್ಯವಾಗಿ ಒಟ್ಟು ಚಲನೆಯ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಇಳಿದರೆ ಆ ಸ್ಪ್ರಿಂಗ್ ಆ ಸವಾರನಿಗೆ ಸರಿ ಅಂತ ಲೆಕ್ಕ. ಇದನ್ನು ಅಳೆಯಲು ಟೇಪ್ ಸಾಕು, ಮತ್ತೆ ಬೈಕ್ ಹಿಡಿಯಲು ಒಬ್ಬ ಬೇಕು. ಚಕ್ರದ ಎಕ್ಸಲಿನಿಂದ ಸೀಟಿನ ಕೆಳಗೆ ನೇರ ಮೇಲೆ ಒಂದು ಗುರುತು ಮಾಡಿ, ಮೊದಲು ಚಕ್ರ ನೇತಾಡುವಾಗ, ಆಮೇಲೆ ಸವಾರ ಕೂತಾಗ ಅಳೆಯಬೇಕು.

ಅಳಿಯ ಹ್ಯಾಂಡಲ್ ಹಿಡಿದ, ಉಪ್ಪ ಬಂದು ಕೂತರು, ನಾನು ಅಳೆದೆ. ಚಕ್ರದ ಒಟ್ಟು ಚಲನೆ 75 ಮಿ.ಮೀ. ಉಪ್ಪ ಕೂತಾಗ ಇಳಿದದ್ದು ಬರೀ 11. ಏಳರಲ್ಲಿ ಒಂದು ಭಾಗ. ಇನ್ನೊಮ್ಮೆ ಅಳೆದೆ, ಅಷ್ಟೇ. ಶಾಕ್ ಹಾಳಾಗಿದ್ದರೆ ಹೆಚ್ಚು ಇಳಿಯಬೇಕಿತ್ತು. ಇದು ಇಳಿಯುವುದೇ ಇಲ್ಲ.

ಸ್ಪ್ರಿಂಗಿನ ತಂತಿ ಅಳೆದಾಗ ಗೊತ್ತಾಯಿತು. ಅದು ಈ ಬೈಕಿನ ಸ್ಪ್ರಿಂಗೇ ಅಲ್ಲ. ಮಾಮೂಲಿ ಸ್ಪ್ರಿಂಗಿನ ತಂತಿ 6.5 ಮಿ.ಮೀ. ಇದ್ದರೆ ಇದು 7.5 ಇತ್ತು. ಒಂದು ಮಿಲಿಮೀಟರ್ ಎಂತ ಮಹಾ ಅಂತ ಅನಿಸಬಹುದು. ಆದರೆ ಸ್ಪ್ರಿಂಗಿನ ಗಟ್ಟಿತನ ತಂತಿಯ ದಪ್ಪದ ನಾಲ್ಕನೇ ಘಾತದಲ್ಲಿ ಏರುತ್ತದೆ. ಸುತ್ತು ಮತ್ತು ಅಗಲ ಒಂದೇ ಇದ್ದರೆ, ಅಷ್ಟು ವ್ಯತ್ಯಾಸಕ್ಕೆ ಗಟ್ಟಿತನ ಮುಕ್ಕಾಲು ಪಾಲು ಹೆಚ್ಚಾಗುತ್ತದೆ.

ಮೆಕ್ಯಾನಿಕ್ ಅಣ್ಣನಿಗೆ ಫೋನ್ ಮಾಡಿದೆ. ಅವರಿಗೆ ಕೂಡಲೇ ನೆನಪಾಯಿತು. "ಅದು ನಿಮ್ಮ ಉಪ್ಪನೇ ಹಾಕಿಸಿದ್ದಲ್ಲವಾ? ಅಕ್ಕಿ ಗೋಣಿ ಹಾಕಿದರೆ ಮಡ್‌ಗಾರ್ಡಿಗೆ ಟಯರ್ ಉಜ್ಜುತ್ತದೆ ಅಂತ ಬಂದಿದ್ದರು. ನೀವಾಗ ಸಣ್ಣವರು." ಒಳಗೆ ಹೋಗಿ ಹಳೇ ಸಾಲದ ಪುಸ್ತಕ ತೆಗೆದು ನೋಡಿದೆ. ಆ ವರ್ಷಗಳಲ್ಲಿ ಮದುವೆಯ ತಿಂಗಳಲ್ಲಿ ದಿನಕ್ಕೆ ನಾಲ್ಕು, ಐದು ಗೋಣಿ ಹೋದ ಲೆಕ್ಕ ಉಂಟು. ಒಂದೊಂದು ಗೋಣಿ 50 ಕಿಲೋ.

ಅಂಗಡಿಯಿಂದ ಒಂದು 50 ಕಿಲೋದ ಗೋಣಿ ತರಿಸಿ ಉಪ್ಪನ ಹಿಂದೆ ಇಟ್ಟು ಮತ್ತೆ ಅಳೆದೆ. 25 ಮಿ.ಮೀ. ಸರಿಯಾಗಿ ಮೂರನೇ ಒಂದು ಭಾಗ. ಆ ಸ್ಪ್ರಿಂಗಿನಲ್ಲಿ ಯಾವ ದೋಷವೂ ಇರಲಿಲ್ಲ. ಅದು ಉಪ್ಪನಿಗೂ ಒಂದು ಗೋಣಿ ಅಕ್ಕಿಗೂ ಸೇರಿ ಹಾಕಿಸಿದ ಸ್ಪ್ರಿಂಗ್. ಗೋಣಿ ಹೋಗುವುದು ನಿಂತು ಹತ್ತು ವರ್ಷವಾಗಿದೆ, ಈಗ ಎಲ್ಲರ ಮನೆಗೂ ಆಟೋ ಹೋಗುತ್ತದೆ. ಉಪ್ಪನ ಮೈಯಿಂದಲೂ ಇಪ್ಪತ್ತು ಕಿಲೋ ಇಳಿದಿದೆ. ಸ್ಪ್ರಿಂಗ್ ಮಾತ್ರ ಆ ಭಾರಕ್ಕೇ ಕಾಯುತ್ತಾ ಇತ್ತು. ಭಾರ ಬಾರದೆ ಇದ್ದಾಗ ರಸ್ತೆಯ ಪ್ರತಿ ಹಂಪನ್ನೂ ನೇರ ಅವರ ಸೊಂಟಕ್ಕೆ ಮುಟ್ಟಿಸುತ್ತಿತ್ತು.

ಆರ್‌ಎಕ್ಸ್ 100ರ ಮಾಮೂಲಿ ಅಳತೆಯ ಹೊಸ ಶಾಕ್ ಜೋಡಿ ತಂದು ಹಾಕಿದೆವು. ಕೆಳಗಿನ ರಿಂಗನ್ನು ಎಲ್ಲಕ್ಕಿಂತ ಮೆದುವಾದ ಹಂತದಲ್ಲಿ ಇಟ್ಟೆವು. ಆ ರಿಂಗಿನ ಬಗ್ಗೆ ಒಂದು ಮಾತು: ಅದನ್ನು ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿ ಆಗುತ್ತದೆ ಅಂತ ಹೆಚ್ಚಿನವರ ನಂಬಿಕೆ. ಸ್ಪ್ರಿಂಗಿನ ಗುಣ ಬದಲಾಗುವುದಿಲ್ಲ, ಬೈಕ್ ಎಷ್ಟು ಎತ್ತರ ನಿಲ್ಲುತ್ತದೆ ಅನ್ನುವುದು ಬದಲಾಗುತ್ತದೆ. ಗಟ್ಟಿ ಸ್ಪ್ರಿಂಗನ್ನು ರಿಂಗ್ ಇಳಿಸಿ ಮೆದು ಮಾಡಲು ಆಗುವುದಿಲ್ಲ. ಹೊಸತರಲ್ಲಿ ಉಪ್ಪ ಕೂತಾಗ 20 ಮಿ.ಮೀ. ಇಳಿಯಿತು. ಸೀಟಿನ ಫೋಮ್ ಕೂಡ ಒಣಗಿ ಹಲಗೆಯ ಹಾಗೆ ಆಗಿತ್ತು, ಉಪ್ಪಳದಲ್ಲಿ ಹೊಸ ಫೋಮ್ ಹಾಕಿಸಿ ರೆಕ್ಸಿನ್ ಹೊಲಿಸಿದೆವು.

ಹದಿಮೂರನೇ ದಿನ ಸಂಜೆ ಉಪ್ಪ ಬೈಕ್ ತೆಗೆದುಕೊಂಡು ಅಂಗಡಿಯ ತನಕ ಹೋಗಿ ಬಂದರು. ಉಮ್ಮ ಬಾಗಿಲಲ್ಲಿ ನಿಂತಿದ್ದರು. ಉಪ್ಪ ಬೈಕ್ ನಿಲ್ಲಿಸಿ, ಹಿಂದಿನ ಸೀಟನ್ನು ಕೈಯಿಂದ ಒತ್ತಿ ನೋಡಿದರು. ಇನ್ನೊಮ್ಮೆ ಒತ್ತಿದರು.

"ಮೋನೇ, ಗೋಣಿ ಹಾಕಿದರೆ ಇದು ಪೂರಾ ಕೂತುಬಿಡ್ತದೆ" ಅಂದರು.

"ಗೋಣಿ ಇನ್ನು ಆಟೋದಲ್ಲೇ ಹೋಗ್ತದೆ ಉಪ್ಪ" ಅಂದೆ.

ಅವರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ "ಹ್ಞಾಂ, ಅದು ಹೌದು" ಅಂತ ಒಳಗೆ ಹೋದರು. ಹಳೇ ಸ್ಪ್ರಿಂಗುಗಳನ್ನು ಗುಜರಿಗೆ ಹಾಕಬೇಡ ಅಂತ ರಾತ್ರಿ ಊಟಕ್ಕೆ ಕೂತಾಗ ಹೇಳಿದರು. ಅಟ್ಟದಲ್ಲಿ ಇಟ್ಟಿದ್ದೇನೆ.

ಬೆನ್ನು ನೋವು ಹೋಯಿತಾ ಅಂತ ಕೇಳಿದರೆ, ಇಲ್ಲ. ಸವೆದ ಡಿಸ್ಕನ್ನು ಯಾವ ಶಾಕೂ ಸರಿ ಮಾಡುವುದಿಲ್ಲ. ಬೈಕ್ ಓಡಿಸಿದ ದಿನ ರಾತ್ರಿ ಬಿಸಿನೀರಿನ ಚೀಲ ಕೇಳುತ್ತಿದ್ದವರು ಈಗ ಕೇಳುವುದಿಲ್ಲ, ಅಷ್ಟು ವ್ಯತ್ಯಾಸ ಉಂಟು. ಡಾಕ್ಟರ ಹತ್ತಿರ ನಾನೇ ಹೋಗಿ ನೇರವಾಗಿ ಕೇಳಿದೆ. ಹತ್ತಿರದ ಓಡಾಟ, ಭಾರ ಇಲ್ಲದೆ, ನೋವು ಹೆಚ್ಚಾದರೆ ಅಲ್ಲಿಗೆ ನಿಲ್ಲಿಸಬೇಕು ಅಂತ ಹೇಳಿದರು. ಉಮ್ಮ ಇನ್ನೂ ಎರಡು ಷರತ್ತು ಸೇರಿಸಿದರು: ಹೈವೇಗೆ ಹೋಗಬಾರದು, ಜೋರು ಮಳೆಯಲ್ಲಿ ತೆಗೆಯಬಾರದು. ಉಪ್ಪ ಒಪ್ಪಿದ್ದಾರೆ. ಆರ್‌ಸಿ ನವೀಕರಣವೂ ಆಯಿತು, ಬೈಕ್ ಕಂಪೆನಿಯ ರೂಪದಲ್ಲೇ ಇದ್ದುದರಿಂದ ಯಾರೂ ಏನೂ ಕೇಳಲಿಲ್ಲ. ಮುಂದಿನ ಸಲ 2028ಕ್ಕೆ. ಅಷ್ಟರಲ್ಲಿ ಉಪ್ಪನೇ ಓಡಿಸುತ್ತಾರೋ ಇಲ್ಲವೋ ಅಲ್ಲಾಹನಿಗೆ ಗೊತ್ತು. ಓಡಿಸುವುದು ಬೇಡ ಅಂತ ಆಗುವ ದಿನ ಅದನ್ನು ಅವರ ಬೆನ್ನು ಹೇಳಲಿ, ಸವೆದ ಬುಶ್ಶೂ ತಪ್ಪಿದ ಸ್ಪ್ರಿಂಗೂ ಹೇಳುವುದು ಬೇಡ ಅಂತ ನನ್ನ ಆಸೆ ಇತ್ತು. ಅಷ್ಟು ಆಗಿದೆ.

ನಿಮ್ಮ ಮನೆಯಲ್ಲೂ ಹಿರಿಯರು ಓಡಿಸುವ ಹಳೇ ಬೈಕ್, ಸ್ಕೂಟರ್ ಇರಬಹುದು. ಮಳೆಗಾಲ ಶುರುವಾಗುವ ಮೊದಲು ಒಂದು ಭಾನುವಾರ ಅರ್ಧ ಗಂಟೆ ಇಷ್ಟು ಮಾಡಿ. ಟಯರಿನ ನಾಲ್ಕು ಅಂಕಿ ಓದಿ, ಗಾಳಿ ನೋಡಿ. ಮುಂದಿನ ಚಕ್ರ ಎತ್ತಿ ಫೋರ್ಕ್ ಎಳೆದು ನೋಡಿ. ಹಿಂದಿನ ಚಕ್ರ ಬದಿಗೆ ಅಲುಗಾಡಿಸಿ. ಕಡ್ಡಿಗಳನ್ನು ತಟ್ಟಿ. ಆಮೇಲೆ ಅದನ್ನು ಓಡಿಸುವವರನ್ನೇ ಕರೆದು ಸೀಟಿನಲ್ಲಿ ಕೂರಿಸಿ, ಟೇಪ್ ಹಿಡಿದು ಅಳೆಯಿರಿ. ಬೈಕ್ ತೆಗೆದುಕೊಂಡಾಗ ಅವರಿಗೆ ಎಷ್ಟು ತೂಕ ಇತ್ತು, ಈಗ ಎಷ್ಟು ಅಂತಲೂ ಒಮ್ಮೆ ಕೇಳಿ. ನನಗೆ ಎಲ್ಲಾ ಸೇರಿ ಲೇತಿನ ಖರ್ಚೂ ಹಿಡಿದು ಒಂಬತ್ತು ಸಾವಿರದೊಳಗೆ ಮುಗಿಯಿತು. ಅದರಲ್ಲಿ ಅಳತೆ ತೆಗೆದದ್ದಕ್ಕೆ ಖರ್ಚು ಏನೂ ಇಲ್ಲ, ಅಂಗಡಿಯ ಟೇಪೇ ಸಾಕಾಯಿತು.